ಎರಡನೇ ಬ್ರೇಕು

ಬೀದರದಾಗ ಗಾಡಿ ಹೊಡಿಯಾವರು ಎರಡೇ ನಮೂನಿ ಅಂತ ತಿಮೋಥಿ ಮಾಸ್ತರು ಹೇಳ್ತಿದ್ರು. ಒಂದು ತಮ್ಮ ಕಡಿ ಕಲ್ತವರು, ಇನ್ನೊಂದು ಯಾರ ಕಡೀನೂ ಕಲೀಲಾರದವರು. ಮಾತಿನ್ಯಾಗ ಜಂಬ ಇತ್ತು ಖರೇ, ಆದ್ರ ಪೂರಾ ಸುಳ್ಳೂ ಅಲ್ಲ. ಮೈಲೂರದಾಗ ಅವರ ಮನಿ ಮುಂದ ನಿಂದರ್ತಿದ್ದ ಆ ಬಿಳಿ ಕಾರಿನ್ಯಾಗ ಕಲ್ತು, ಈಗ ಬಸ್ಸು, ಲಾರಿ, ಆಂಬುಲೆನ್ಸ್ ಹೊಡಿಯಾ ಮಂದಿ ಜಿಲ್ಲಾ ತುಂಬ ಅದಾರ. ಬಿಸ್ಮಿಲ್ಲಾ ಅಂದು ಕೀಲಿ ತಿರುವಾವರೂ ಬಂದ್ರು, ಗಾಲಿ ಕೆಳಗ ನಿಂಬಿಹಣ್ಣು ಇಡಾವರೂ ಬಂದ್ರು, ಮಾಸ್ತರರ ಜೋಡಿ ಕಣ್ಣು ಮುಚ್ಚಿ ಪ್ರಾರ್ಥನಾ ಮಾಡಾವರೂ ಬಂದ್ರು. ಎಲ್ಲಾರಿಗೂ ಮಾಸ್ತರು ಮೊದಲ ದಿನ ಹೇಳ್ತಿದ್ದದ್ದು ಒಂದೇ: ಈ ಗಾಡಿಗಿ ಎರಡು ಬ್ರೇಕ ಅವ, ಒಂದು ನಿಮ್ಮ ಕಾಲಾಗ, ಒಂದು ಬಾಜೂಕ ಕುಂತ ನನ್ನ ಕಾಲಾಗ, ಅಂದಮ್ಯಾಲ ಅಂಜಬ್ಯಾಡ್ರಿ.

ಆ ಎರಡನೇ ಬ್ರೇಕ ಒತ್ತಿ ಒತ್ತಿ ಮಾಸ್ತರರ ಬಲಗಾಲಿಗಿ ಒಂದು ಚಟ ಅಂಟಿತ್ತು. ಬಸ್ಸಿನ್ಯಾಗ ಕುಂತ್ರೂ ಒತ್ತಾದು, ಮಂದೀ ಆಟೋದಾಗ ಕುಂತ್ರೂ ಒತ್ತಾದು. ಚರ್ಚಿನ್ಯಾಗ ಪಾಸ್ಟರ ಪ್ರಸಂಗ ಉದ್ದಾಯ್ತಂದ್ರ ಬೆಂಚಿನ ಕೆಳಗ ಮಾಸ್ತರರ ಕಾಲು ನೆಲಾ ಒತ್ತತಿತ್ತು. ಪಾಸ್ಟರು ನಿಂದರ್ತಿರಲಿಲ್ಲ, ಆ ಮಾತು ಬ್ಯಾರೆ. ಹೆಂಡತಿ ಮಾರ್ಥಾಬಾಯಿ ಅಂತೂ ಮದುವ್ಯಾದಾಗಿಂದ ನಿದ್ದ್ಯಾಗ ಒದಿಸಿಕೊಂಡು ಹೈರಾಣ ಆಗಿದ್ರು. ನಮ್ಮವರು ಕನಸಿನ್ಯಾಗೂ ಯಾರದೋ ಜೀವಾ ಉಳಸ್ತಿರ್ತಾರ, ಮುರಿಯಾದು ಮಾತ್ರ ನನ್ನ ಮೀನಖಂಡ ಅಂತ ಬಂದವರ ಮುಂದೆಲ್ಲ ಹೇಳಿ ನಗತಿದ್ರು.

ಜಾರಾ ಗಾಡಿ ಹಿಡಿಯಾದು ಮಾಸ್ತರರ ಕೊನೀ ಪಾಠ. ಮಳಿ ಬಿದ್ದು ಚಿದ್ರಿ ಕಡೀದ ಖುಲ್ಲಾ ಜಾಗಾದಾಗ ಕೆಂಪ ಮಣ್ಣು ನುಣ್ಣಗಾದ ದಿನ ಶಿಷ್ಯರಿಗಿ ಅಲ್ಲಿಗಿ ಕರಕೊಂಡು ಹೋಗ್ತಿದ್ರು. ಮೊದಲು ಮಾತು ಬಾಯಿಪಾಠ ಮಾಡಸಾದು. ಗಾಡಿ ಜಾರ್ತಂದ್ರ ಬ್ರೇಕ ಬಿಡು, ರೇಸೂ ಬಿಡು, ಚಕ್ರ ಉರಳಾಕ ಬಿಡು. ನಿಂತ ಚಕ್ರ ಸ್ಟೇರಿಂಗಿನ ಮಾತು ಕೇಳಂಗಿಲ್ಲ. ಗಾಡಿ ಬಾಲ ಎತ್ತಾಗ ಹೋಗ್ತದ, ಸ್ಟೇರಿಂಗ ಅತ್ತಾಗೇ ತಿರುವು, ನೆಟ್ಟಗಾಗಾಕ ಹತ್ತಿದ ಕೂಡ್ಲೆ ಮೆಲ್ಲಕ ವಾಪಸ ತಾ. ಕಣ್ಣು ನೀ ಹೋಗಬೇಕಾದ ದಾರಿ ಮ್ಯಾಲ ಇರಲಿ, ಅಂಜಿಕಿ ಇದ್ದ ಕಡಿ ಅಲ್ಲ. ಶಿಷ್ಯರು ಸಂಡೇ ಸ್ಕೂಲಿನ ವಚನ ಒಪ್ಪಿಸಿದಂಗ ಒಪ್ಪಸ್ತಿದ್ರು. ಆಮ್ಯಾಲ ಗಾಡಿ ಖರೇನೇ ಜಾರಿದಾಗ ಏನಾಗ್ತಿತ್ತು? ಶಿಷ್ಯನ ಕೈ ಏನರೆ ಮಾಡಾಕಿಂತ ಮೊದಲೇ ಮಾಸ್ತರು ಬ್ರೇಕ ಅಂತ ಒದರಿ, ತಾವೂ ಒತ್ತಿ ಬಿಡ್ತಿದ್ರು. ಗಾಡಿ ಆಮೀ ನಡಿಗಿ ಮ್ಯಾಲ ಇರ್ತಿತ್ತು, ಜರಾ ಸರದು ನಿಂದರ್ತಿತ್ತು. ದೇವರಿಗಿ ಸ್ತೋತ್ರ, ಪಾಠ ಮುಗೀತು. ಕಲಿಸಿದ್ದು ಒಂದು, ಒದರಿದ್ದು ಇನ್ನೊಂದು, ಇಷ್ಟು ವರ್ಷದಾಗ ಅದು ಯಾರಿಗೂ ಹೊಳೀಲಿಲ್ಲ.

ಆಮ್ಯಾಲ ಕಣ್ಣು ಕೈ ಕೊಟ್ಟವು. ಕಣ್ಣಿನ ಒಳಗಿನ ಒತ್ತಡ ಏರಿ ಬಾಜೂದ ನೋಟ ಹೋಯ್ತು, ದೂರಿಂದು ಮಬ್ಬಾಯ್ತು. ಇನ್ನ ಮ್ಯಾಲ ಗಾಡಿ ಮುಟ್ಟಬ್ಯಾಡ್ರಿ ಅಂದ್ರು ಡಾಕ್ಟರು. ಡ್ರೈವಿಂಗ್ ಸ್ಕೂಲಿನ ಬೋರ್ಡ್ ಇಳೀತು. ಎರಡು ಬ್ರೇಕಿನ ಬಿಳಿ ಕಾರು ಜಹೀರಾಬಾದದವರು ಯಾರೋ ಒಯ್ದ್ರು. ಗಾಡಿ ಓಣಿ ದಾಟಾತನಕ ಮಾಸ್ತರು ಗೇಟಿನ್ಯಾಗ ನಿಂತಿದ್ರು, ಆಮ್ಯಾಲ ಒಳಗ ಬಂದು ಊಟ ಬ್ಯಾಡ ಅಂದು ಮಲಗಿದ್ರು.

ಸುಜಿ ಅವರ ಒಬ್ಬಾಕೇ ಮಗಳು, ಔರಾದದಾಗ ಸರಕಾರಿ ದವಾಖಾನಿ ನರ್ಸ್. ಬಸ್ಸಿನ್ಯಾಗ ನೇತಾಡಿ ಸಾಕಾಗಿ ಹೋದ ತಿಂಗಳ ಒಂದು ಹಳೀ ಸಣ್ಣ ಕಾರು ತಗೊಂಡಿದ್ದಳು. ಅಪ್ಪನ ಕಡೀನೇ ಕಲ್ತಾಕಿ, ಲೈಸನ್ಸ್ ಎಂದೋ ಆಗಿತ್ತು. ಆದ್ರ ಬಾಜೂಕ ಅಪ್ಪ ಇಲ್ಲದ ದಿನ ಊರ ಹೊರಗ ಒಂದು ಸಲಾನೂ ಹೊಡದಿರಲಿಲ್ಲ. ಇನ್ನ ಮ್ಯಾಲ ದಿನಾ ಡ್ಯೂಟಿಗಿ ಒಬ್ಬಾಕೇ ಹೋಗ್ತೇನಿ ಅಂತ ಆಕಿ ಅಂದಳು. ಔರಾದ ಕಡೀದ ದಾರಿ ಮಾಸ್ತರರಿಗಿ ಗೊತ್ತು. ಹೊಲದ ಎರಿ ಮಣ್ಣು ಟ್ರ್ಯಾಕ್ಟರ ಗಾಲಿಗಿ ಅಂಟಿ ಬಂದು ಡಾಂಬರ ಮ್ಯಾಲ ಬೀಳ್ತದ, ಅದರ ಮ್ಯಾಲ ನಾಕು ಹನಿ ಮಳಿ ಸಾಕು. ಇವತ್ತಿಲ್ಲ ನಾಳಿ ಗಾಡಿ ಜಾರೇ ಜಾರ್ತದ. ಮಗಳ ಕೈಗಿ ಅದು ಬರಲಿಲ್ಲಂದ್ರ ಆ ದಿನ ಆಕಿ ಮನಿಗಿ ಬರಂಗಿಲ್ಲ, ಇಷ್ಟೇ ಲೆಕ್ಕ ಮಾಸ್ತರರ ತಲ್ಯಾಗ ತಿರಗಾಕ ಹತ್ತಿತು.

ಸುಮ್ಮ ಕೂಡಾ ಮನಷ್ಯಾ ಅಲ್ಲ ಅವರು. ಚಿದ್ರಿಯ ಮೆಕ್ಯಾನಿಕ್ ಒವೈಸನ ಕಡಿ ಹೋಗಿ, ಸುಜಿ ಗಾಡಿಗೂ ಎರಡನೇ ಬ್ರೇಕ ಕೂಡಸು ಅಂದ್ರು. ಕೂಡಸ್ತೀನಿ ಮಾಸ್ತರ, ಆದ್ರ ನಾಳಿ ಅಳಿಯ ಬಂದು ಆ ಸೀಟಿನ್ಯಾಗ ಕುಂತ್ರ ಅವರಿಗೂ ಒತ್ತಾದು ನೀವೇ ಕಲಸಬೇಕು ಅಂತ ಒವೈಸ ಚ್ಯಾಷ್ಟಿ ಮಾಡಿದ. ಸುಜಿ ನಗಲಿಲ್ಲ, ಗಾಡೀನೂ ಕೊಡಲಿಲ್ಲ.

"ಪಪ್ಪಾ, ಆ ಸೀಟಿನ್ಯಾಗ ಯಾರೂ ಇಲ್ಲದ ದಿನ ಅದನ್ನ ಯಾರು ಒತ್ತತಾರ?"

ಮಾಸ್ತರು ಒಳಗ ಹೋಗಿ ಮಾರ್ಥಾಬಾಯಿ ಮುಂದ ದೊಡ್ಡ ಮಾತು ಆಡಿದ್ರು, ಒಂದು ಸಲ ಬಾಜೂಕ ಕುಂತು ಔರಾದತನಕ ಪೂರಾ ಕಲಿಸಿ ಬರ್ತೇನಿ, ಆಮ್ಯಾಲ ನಿನಗ ಫಿಕರ ಇಲ್ಲ ಅಂತ.

ಆ ಮೌಕಾ ಸೋಯಾ ಕಟಾವಿನ ಟೈಮಿಗಿ ಬಂತು. ಭಾಲ್ಕಿಯಾಗ ಮಾರ್ಥಾಬಾಯಿ ತಂಗಿ ಹೊಸ ಮನಿ ಪ್ರಾರ್ಥನಾ ಇತ್ತು. ಮೂವರೂ ಬೀದರದಿಂದ ಸುಜಿ ಗಾಡ್ಯಾಗ ಹೋದ್ರು. ಹಾಡಾಯ್ತು, ಪ್ರಾರ್ಥನಾ ಆಯ್ತು, ಊಟ ಆಯ್ತು. ಸುಜಿಗಿ ಮಧ್ಯಾಹ್ನದ ಮ್ಯಾಲ ಡ್ಯೂಟಿ, ಭಾಲ್ಕಿಯಿಂದ ಹಂಗೇ ಔರಾದಕ್ಕ ಹೋಗಾಕಿ. ಮಾರ್ಥಾಬಾಯಿ ತಂಗಿ ಮನ್ಯಾಗ ಉಳದ್ರು. ಮಾಸ್ತರು ಮಗಳ ಬಾಜೂಕ ಕುಂತು ಬೆಲ್ಟ್ ಬಿಗದ್ರು, ಔರಾದತನಕ ಕಲಸ್ಕೋತ ಹೋಗಿ ಬಸ್ಸಿಗಿ ವಾಪಸ ಬಂದ್ರಾಯ್ತು ಅಂತ.

ಕಲಸಾದೇನು, ತಲಿ ತಿನ್ನಾದು ಅನ್ರಿ. ಊರ ದಾಟಿದ್ದೇ ತಡ, ಗೇರ ಬದಲಿ ಮಾಡು, ಎಮ್ಮಿ ಬಂತು, ಹಾರ್ನ್ ಹೊಡಿ, ಇಷ್ಟ್ಯಾಕ ಎಡಕ್ಕ ಹೋಗ್ತಿ, ಬಲಕ್ಕ್ಯಾಕ ಬರ್ತಿ. ಸುಜಿ ಎಲ್ಲಾದಕ್ಕೂ ಹ್ಞೂಂ ಪಪ್ಪಾ ಅಂತಿದ್ದಳು. ಮಾಸ್ತರರ ಬಲಗಾಲು ಒಂದೇ ಸವನ ನೆಲಾ ಒತ್ತತಿತ್ತು. ಕಾಲಿನ ಕೆಳಗ ಬರೇ ರಬ್ಬರ ಮ್ಯಾಟ, ಏನೂ ಹತ್ತತಿರಲಿಲ್ಲ.

ಈ ಕಡಿ ರೈತರಿಗಿ ಡಾಂಬರ ರಸ್ತಾನೇ ಕಣ. ಹತ್ತ ಎಕರೆ ಸೋಯಾ ಇದ್ದವನ ಹೊಲಕ್ಕ ರಾಶಿ ಮಷೀನ ಬರ್ತದ. ತುಂಡ ಹೊಲದವನು ತನ್ನ ಬೆಳಿ ತಂದು ರಸ್ತಾ ಮ್ಯಾಲ ಹಾಸ್ತಾನ. ಬಸ್ಸು, ಜೀಪು, ಮೋಟರಸೈಕಲ್ ಎಲ್ಲಾ ಅದರ ಮ್ಯಾಲೇ ಹೋಗಬೇಕು, ಗಾಲಿಗಿ ಸಿಕ್ಕು ಕಾಯಿ ಒಡದು ಕಾಳು ಉದರ್ತಾವ. ಆಮ್ಯಾಲ ಹೊಟ್ಟು ಸರಿಸಿ ಕಾಳು ಬಳಕೋಬೇಕು. ಪೋಲೀಸರು ಬೈತಾರ, ಡ್ರೈವರರು ಬೈತಾರ, ಹಾಸಾವರು ಹಾಸ್ಕೋತೇ ಇರ್ತಾರ. ಮ್ಯಾಲ ಒಣಾ ದಂಟು, ಕೆಳಗ ಗುಂಡನ್ನ ಕಾಳು, ಅದರ ಮ್ಯಾಲ ಬ್ರೇಕ ಹಾಕಿದ್ರ ಮುಗೀತು.

ಒಂದು ತಿರುವು ದಾಟಿದ ಕೂಡ್ಲೆ ರಸ್ತಾ ತುಂಬ ಸೋಯಾ ಇತ್ತು. ಮಾಸ್ತರರ ಕಣ್ಣಿಗಿ ಮೊದಲು ಬರೇ ಒಂದು ಹಳದಿ ಮಬ್ಬು ಕಂಡಿತು. ಆಮ್ಯಾಲ ಅದರ ಬಲದಂಡ್ಯಾಗ ಕುಂತು ಕಸಬರಗಿ ಆಡಸ್ತಿದ್ದ ಒಬ್ಬಾಕಿ ಮುದುಕಿ ಕಂಡಳು. ಕಾಲು ನೆಲಾ ಒತ್ತಿತು. ಬಾಯಿ ತಾನೇ ತೆರೀತು.

"ಬ್ರೇಕ!"

ಸುಜಿ ಒತ್ತಿದಳು. ಅಪ್ಪ ಬ್ರೇಕ ಅಂದ್ರ ಒತ್ತಬೇಕು, ಆಕಿ ಕಾಲಿಗಿ ಗೊತ್ತಿದ್ದದ್ದು ಇಷ್ಟೇ. ಚಕ್ರ ನಿಂತವು, ಗಾಡಿ ನಿಂದರಲಿಲ್ಲ. ಕಾಳಿನ ಮ್ಯಾಲ ಸರ್ರಂತ ಹೊಂಟಿತು. ಸುಜಿ ಸ್ಟೇರಿಂಗ ತಿರುವೇ ತಿರುವಿದಳು, ಗಾಡಿ ಕೇಳಲೇ ಇಲ್ಲ. ಬಾಲ ಎಡಕ್ಕ ಸರದು ಮಾರಿ ಬಲಕ್ಕ ತಿರಗಿತು, ಮುದುಕಿ ಕುಂತ ಕಡೀಗಿ. ಬ್ರೇಕ ಬಿಡು, ಎಡಕ್ಕ ತಿರುವು, ದಾರಿ ನೋಡು: ಜೀವನಪೂರ್ತಿ ಮಂದಿಗಿ ಹೇಳಿದ ಮಾತು ಮಾಸ್ತರರ ಬಾಯಿಗಿ ಬರಲಿಲ್ಲ. ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಕೊಂಡು ಕುಂತ್ರು. ಅಷ್ಟೇ ಮಾಡಾಕ ಆಯ್ತು ಅವರ ಕೈಲಿ.

ಗಾಡಿ ರಸ್ತಾಕ್ಕ ಅಡ್ಡ ಆಗಿ ನಿಂತಿತು. ಮುದುಕಿಗಿ ಏನೂ ಆಗಿರಲಿಲ್ಲ, ಆಕಿ ಬಾಜೂಕ ಇದ್ದ ನೀರಿನ ಕೊಡ ಮಾತ್ರ ಬಂಪರಿಗಿ ಸಿಕ್ಕು ಚಪ್ಪಟಿ ಆಗಿತ್ತು. ಇನ್ನೊಂದು ಗೇಣು ಬಂದಿದ್ರ ಕೊಡದ ಜಾಗಾದಾಗ ಆಕಿ ಇರ್ತಿದ್ದಳು. ಸುಭದ್ರಾಬಾಯಿ ಅಂತ ಆಕಿ ಹೆಸರು, ಅಲ್ಲೇ ಬಾಜೂದ ಹೊಲದಾಕಿ. ಎದ್ದು ನಿಂತು, ಕಸಬರಗಿ ಹಿಡಕೊಂಡು ಮರಾಠಿ ಕನ್ನಡ ಎರಡೂ ಬೆರಸಿ ಬೈದಳು ನೋಡ್ರಿ, ರಸ್ತಾ ಇಷ್ಟ ಉದ್ದ ಬಿದ್ದದ, ಸಾಯಾಕ ನನ್ನ ಕೊಡಾನೇ ಬೇಕಾಗಿತ್ತೇನು ಅಂತ. ಸುಜಿ ಕೆಳಗ ಇಳದು ಆಕಿ ಕೈ ಕಾಲು ಮುಟ್ಟಿ ಮುಟ್ಟಿ ನೋಡಿದಳು. ನರ್ಸ್ ಕೈ, ಎಲ್ಲೂ ಏಟಿಲ್ಲ ಅಂತ ತಿಳದ್ರೂ ಮತ್ತ ಮೊದಲಿಂದ ನೋಡಾಕ ಹತ್ತಿತು. ಅದನ್ನ ನೋಡಿ ಸುಭದ್ರಾಬಾಯಿ ಬೈಯಾದು ಬಿಟ್ಟು, ಕೂಡವ್ವಾ ಅಂತ ತನ್ನ ಗೋಣಿಚೀಲ ಝಾಡಿಸಿ ಕೊಟ್ಟಳು.

ಹೊಲದಾಗಿಂದ ಆಕಿ ಮಗ ಪಂಢರಿ ಓಡಿ ಬಂದ. ಜಗಳಕ್ಕ ಬಂದವ ಮಾಸ್ತರರ ಮಾರಿ ನೋಡಿ ತಣ್ಣಗಾದ. ಅವನೂ ಆ ಬಿಳಿ ಕಾರಿನ ಶಿಷ್ಯ, ಈಗ ಹಾಲಿನ ಟೆಂಪೋ ಹೊಡೀತಿದ್ದ. ಕೊಡದ ಮಾತು ಬಿಡ್ರಿ ಮಾಸ್ತರ, ದೇವರು ದೊಡ್ಡಾವ ಇದ್ದಾನ ಅಂದ. ಮಾಸ್ತರರಿಗಿ ಅವನ ಮಾತು ಕಿವ್ಯಾಗ ಹೋಗಲಿಲ್ಲ. ಅವರು ಗಾಡಿ ಇಳದು ರಸ್ತಾ ದಂಡಿ ಕಲ್ಲಿನ ಮ್ಯಾಲ ಕುಂತು ಮಗಳ ಕಡೀನೇ ನೋಡ್ತಿದ್ರು.

"ಬ್ರೇಕ ಬಿಡಬೇಕಿತ್ತವ್ವಾ," ಅಂದ್ರು ಕಡೀಕ. "ನಾ ಕಲಿಸಿದ್ದೆನಲ್ಲ."

"ಕಲಿಸೀರಿ ಪಪ್ಪಾ. ಬಾಯಿಗಿ ಕಲಿಸೀರಿ. ಕಾಲಿಗಿ ನೀವು ಬ್ರೇಕ ಅನ್ನಾದೇ ಕಲಿಸೀರಿ." ಸುಜಿ ಸಿಟ್ಟಿಲೆ ಅನ್ನಲಿಲ್ಲ, ಪೇಶಂಟಿಗಿ ರಿಪೋರ್ಟ್ ಓದಿ ಹೇಳಿದಂಗ ಹೇಳಿದಳು. "ನೀವು ಬಾಜೂಕ ಇದ್ರ ನನ್ನ ಕಾಲು ನಿಮ್ಮ ಮಾತು ಕೇಳ್ತದ್ರಿ, ನನ್ನ ಮಾತು ಕೇಳಂಗಿಲ್ಲ."

ಮಾಸ್ತರರಿಗಿ ಕಪಾಳಕ್ಕ ಹೊಡದಂಗ ಆಯ್ತು. ತಲ್ಯಾಗ ಶಿಷ್ಯರ ಮಾರಿ ಒಂದೊಂದೇ ಬಂದು ಹೋದವು. ಬಸ್ಸಿನವರು, ಆಂಬುಲೆನ್ಸಿನವರು, ಇಲ್ಲೇ ಮುಂದ ನಿಂತ ಪಂಢರಿ. ಇವರಿಗೆಲ್ಲ ಜಾರಿದ ಗಾಡಿ ಹಿಡಿಯಾದು ಕಲಿಸಿದ್ದು ಯಾವ ರಸ್ತಾನೋ ಯಾವ ದೇವರೋ, ತಾನಂತೂ ಅಲ್ಲ. ಅವರದ್ದು ಹ್ಯಾಂಗೋ ನಡೀತು. ಈಕಿ ನಾಳಿಯಿಂದ ಒಬ್ಬಾಕೇ ಹೋಗಾಕಿ. ಮಾಸ್ತರು ಎದ್ದು ಪಂಢರಿಗಿ ಕೇಳಿದ್ರು, ಚೆದರಿದ ಸೋಯಾ ಮತ್ತ ರಸ್ತಾ ತುಂಬ ಹಾಸ್ತಿ ಏನಪ್ಪಾ, ನನ್ನ ಮಗಳು ಇದರ ಮ್ಯಾಲೇ ಕಲೀಲಿ ಅಂತ.

ಪಂಢರಿ ತಲಿ ಕೆರಕೊಂಡ. ಸುಭದ್ರಾಬಾಯಿಗಿ ಮಾತ್ರ ಇದರಾಗ ವಿಚಿತ್ರ ಏನೂ ಕಾಣಲಿಲ್ಲ. ಗಾಡಿ ಹೋಗಲಿ ಅಂತೇ ಹಾಸೀವಿ, ಯಾರರೆ ಹೋಗಲಿ ಅಂದಳು. ಹಲ್ಲಿನ ಕೋಲು ತಗೊಂಡು ತಾಯಿ ಮಗ ಸೋಯಾ ಸರಿ ಮಾಡಿದ್ರು. ಪಂಢರಿ ಕೆಂಪ ಟವಲ್ ಹಿಡದು ತಿರುವಿನ್ಯಾಗ ಹೋಗಿ ನಿಂತ, ಬರಾ ಗಾಡಿಗಿ ತಡೀಲಿಕ್ಕ. ಔರಾದ ಕಡೀದ ರಸ್ತಾ ನೆಟ್ಟಗಿತ್ತು, ಯಾರ ಬಂದ್ರೂ ದೂರಿಂದೇ ಕಾಣ್ತಿತ್ತು. ಮಾಸ್ತರು ಅಭ್ಯಾಸಬಲದಿಂದ ಎಡಗಡಿ ಬಾಗಿಲು ತೆಗೀಲಿಕ್ಕ ಹೋದ್ರು. ಸ್ಟೇರಿಂಗ ಮುಂದ ಹೋಗಿ ಕುಂತಿದ್ದ ಸುಜಿ ಒಳಗಿಂದೇ ಬ್ಯಾಡ ಅಂತ ತಲಿ ಅಲ್ಲಾಡಿಸಿದಳು. ಮಾಸ್ತರು ಬಾಗಿಲು ಬಿಟ್ಟು ರಸ್ತಾ ದಂಡಿ ಬೇವಿನ ಗಿಡದ ಕೆಳಗ ಸುಭದ್ರಾಬಾಯಿ ಬಾಜೂಕ ಬಂದು ಕುಂತ್ರು.

ಸುಜಿ ಗಾಡಿ ದೂರ ಒಯ್ದು ತಿರುವಿಕೊಂಡು ಬಂದಳು. ಸೋಯಾ ಮ್ಯಾಲ ಬಂದ ಕೂಡ್ಲೆ ಸುಜಿ ಬೇಕಂತ ಸ್ಟೇರಿಂಗ ಜರಾ ಎಳದು ಬ್ರೇಕ ಒತ್ತಿದಳು. ಬಾಲ ಹೊಂಟಿತು. ಆಕಿ ಕಾಲು ಬ್ರೇಕಿನ ಮ್ಯಾಲೇ ಗಟ್ಟಿ ಆಯ್ತು, ಗಾಡಿ ಮತ್ತ ಅಡ್ಡ ಆಯ್ತು. ಮಾಸ್ತರು ಅರ್ಧ ಎದ್ದು ಬಾಯಿ ತೆಗದಿದ್ರು. ಸುಭದ್ರಾಬಾಯಿ ಅವರ ಅಂಗಿ ಹಿಡದು ಜಗ್ಗಿ ಕೂಡಿಸಿದಳು.

"ಒದರಬ್ಯಾಡ್ರಿ ಮಾಸ್ತರರೀ. ನೀವು ಒದರಿದ್ರ ಹುಡುಗಿ ಈ ಕಡಿ ನೋಡ್ತದ."

ಕಣ್ಣು ಹೋಗಬೇಕಾದ ದಾರಿ ಮ್ಯಾಲ ಇರಲಿ ಅಂತ ಎಷ್ಟ ಮಂದಿಗಿ ಹೇಳಿದ್ರು ಮಾಸ್ತರು! ಕಿಸೆದಾಗಿನ ಕರವಸ್ತ್ರ ತೆಗದು ಬಾಯಾಗ ಇಟ್ಟು ಕಚ್ಚಿದ್ರು. ಕುಂತ ಜಾಗಾದಾಗೂ ಹೊಟ್ಟು, ಕಾಯಿ ಬಿದ್ದಿದ್ದವು. ಬಲಗಾಲು ಅವುಗಳ ಮ್ಯಾಲೇ ಒತ್ತಾಕ ಹತ್ತಿತು.

ಎರಡನೇ ಸಲ ಆಕಿ ಬ್ರೇಕ ಬಿಟ್ಟಳು, ಆದ್ರ ಸ್ಟೇರಿಂಗ ವಾಪಸ ತರಾದು ತಡ ಆಯ್ತು. ಬಾಲ ಈ ಕಡೀದು ಆ ಕಡೀಗಿ ಹೋಗಿ ಗಾಡಿ ತೂರಾಡಿತು. ದೂರ ಆದಷ್ಟು ಮಾಸ್ತರರಿಗಿ ಗಾಡಿ ಮಬ್ಬಾಗಿ ಬರೇ ಸಪ್ಪಳ ಉಳೀತಿತ್ತು. ಒಳಗ ಮಗಳಿದ್ದಾಳ, ಹೊರಗ ತಾವು, ನಡುವ ಏನೂ ಇಲ್ಲ, ಮಾತೂ ಇಲ್ಲ, ಪೆಡಲೂ ಇಲ್ಲ. ಇಂಥಾ ಅಸಹಾಯಕತೆ ಅವರು ತಮ್ಮ ತಾಯಿ ಜೀವ ಹೋಗಾ ಟೈಮಿನ್ಯಾಗ ಒಮ್ಮೆ ಮಾತ್ರ ಕಂಡಿದ್ರು. ಪ್ರಾರ್ಥನಾ ಮಾಡಬೇಕಂದ್ರ ಶಬ್ದಾನೇ ಬರವೊಲ್ದು. ಯೇಸಪ್ಪಾ, ಯೇಸಪ್ಪಾ ಅಂತ ಕರವಸ್ತ್ರದ ಒಳಗೇ ಅಂದ್ರು.

ಮತ್ತ ಬಂದಳು, ಮತ್ತ ಹೋದಳು. ಮಾಸ್ತರು ನೋಡಾದು ಬಿಟ್ಟು ಕಣ್ಣು ಮುಚ್ಚಿ ಕಿವಿ ಕೊಟ್ಟು ಕುಂತ್ರು. ಆಗ ಒಂದು ಸಲ ಸಪ್ಪಳ ಬದಲಿ ಆಯ್ತು. ಸರ್ರ್ ಅಂತ ಸುರು ಆಗಿದ್ದು ನಡುವೇ ತುಂಡಾಗಿ, ಚಟಚಟ ಚಟಚಟ ಅಂತ ಕಾಯಿ ಒಡಿಯಾ ಸಪ್ಪಳ ಆಯ್ತು. ಚಕ್ರ ಉರಳಾಕ ಹತ್ತಿದ್ದವು. ಆಕಿ ಬ್ರೇಕ ಬಿಟ್ಟಿದ್ದಳು. ಗಾಡಿ ಬಾಲ ಒಮ್ಮೆ ಅಲಗಿ, ನೆಟ್ಟಗಾಗಿ, ಸೋಯಾ ದಾಟಿ ಹೋಗಿ ಸುಮ್ಮ ನಿಂತಿತು. ಸುಭದ್ರಾಬಾಯಿ ಶಭಾಶ್ ಅಂದಳು, ತಿರುವಿನ್ಯಾಗ ಪಂಢರಿ ಟವಲ್ ಬೀಸಿದ. ಮಾಸ್ತರರಿಗಿ ಖುಷಿ ಆಗಬೇಕಿತ್ತು, ಆಯ್ತು ಕೂಡ. ಅದರ ಜೋಡಿ ಅಳು ಯಾಕ ಬಂತೋ ಅವರಿಗೂ ತಿಳೀಲಿಲ್ಲ. ಮಗಳು ಉಳಕೊಂಡಳು, ತನ್ನ ಕಾಲು ಮಾತ್ರ ಇನ್ನ ಯಾರಿಗೂ ಬೇಕಿಲ್ಲ ಅನಸ್ತು.

ಮತ್ತೊಂದೆರಡು ಸಲ ದಾಟಿ ಸುಜಿ ಗಾಡಿ ಔರಾದ ಕಡಿ ಮಾರಿ ಮಾಡಿ ಬೇವಿನ ಗಿಡದ ಮುಂದ ನಿಲ್ಲಿಸಿದಳು. ಡ್ಯೂಟಿಗಿ ಹೊತ್ತಾಗಿತ್ತು. ಹೊಸ ಕೊಡ ತಂದುಕೊಡ್ತೇನಿ ಆಯಿ ಅಂತ ಸುಭದ್ರಾಬಾಯಿಗಿ ಹೇಳಿ, ಒಳಗಿಂದ ಕೈ ಚಾಚಿ ಎಡಗಡಿ ಬಾಗಿಲು ತೆಗದಳು.

"ಬರ್ರಿ ಪಪ್ಪಾ."

ಮಾಸ್ತರು ಆ ಸೀಟು ನೋಡಿದ್ರು. ಕುಂಡ್ರಬೇಕು ಅಂತ ಜೀವ ಚಡಪಡಿಸಿತು. ಕುಂತ್ರ ಔರಾದತನಕ ಕಾಲು ಒತ್ತತದ, ಬಾಯಿ ಒದರ್ತದ, ಇಷ್ಟೊತ್ತು ಆಕಿ ಕಾಲು ಕಲ್ತದ್ದು ಅರ್ಧ ದಾರ್ಯಾಗ ಮರೀತದ.

"ನೀ ಹೋಗವ್ವಾ. ನಾ ಇಲ್ಲೇ ಬಸ್ಸು ಹಿಡೀತೇನಿ."

ಸುಜಿ ಬಾಗಿಲು ಎಳಕೊಂಡಳು. ಗಾಡಿ ಹೊಂಟಿತು, ಮಬ್ಬಾಯ್ತು, ಮಾಸ್ತರರ ಕಣ್ಣಿಗಿ ಇಲ್ಲದಂಗ ಆಯ್ತು. ಉಳದವರಿಗಿ ಇನ್ನೂ ಕಾಣ್ತಿತ್ತು. ಮುಂದ ಯಾರದೋ ಮತ್ತೊಂದು ರಾಶಿ ಹಾಸ್ಯಾರ ನೋಡ್ರಿ ಅಂದಳು ಸುಭದ್ರಾಬಾಯಿ, ಹಂಗೇ ಸಹಜ. ಮಾಸ್ತರರ ಬಲಗಾಲು ನೆಲಾ ಒತ್ತಿ ಹಿಡೀತು. ಕೆಳಗ ಸೋಯಾ ಕಾಯಿ ಚಟ್ ಚಟ್ ಅಂದವು.

"ಮ್ಯಾಲ ಬಂತು," ಅಂದಳು ಸುಭದ್ರಾಬಾಯಿ ಹಣಿಗಿ ಕೈ ಹಚ್ಚಿ. "ಜರಾ ಅಲಗಿತು... ದಾಟ್ತು ನೋಡ್ರಿ. ಹೋತು."

ಮುದುಕಿ ಮೊರ, ಕಸಬರಗಿ ತಗೊಂಡು ಗಿಡದ ಕೆಳಗಿನ ಕಾಳು ಬಳಕೋತ ಮಾಸ್ತರರ ತನಕ ಬಂದಳು. ಅವರ ಬೂಟಿನ ಕೆಳಗ ಒಂದು ಬೊಗಸಿ ಕಾಳು ಉದರಿ ಬಿದ್ದಿದ್ದವು, ಮಷೀನಿಗಿ ಹಾಕಿದಂಗ ಸ್ವಚ್ಛ. ಕಸಬರಗಿ ಬೂಟಿಗಿ ತಾಗಿಸಿ ನಿಂತಳು.

"ಕಾಲು ಎತ್ತರಿ ಮಾಸ್ತರರೀ. ಆಯ್ತು."

ಮಾಸ್ತರು ಕಾಲು ಎತ್ತಿದ್ರು.